ಆರನೆಯ ಖಾನೆಯ ನೀರು

ಆ ದಿನ ಬೆಳಿಗ್ಗೆ ನನ್ನ ಹೆಂಡತಿ ಬ್ಯಾಟರಿಗೆ ನೀರು ಹಾಕುತ್ತಿದ್ದಳು. ಮಳೆ ಬಿಟ್ಟು ಒಂದಿಷ್ಟು ಹೊಳವಾಗಿತ್ತು. ನಾನು ಕಟ್ಟೆಯ ಮೇಲೆ ಕುಳಿತು ಕುಡುಗೋಲಿಗೆ ಹೊಸ ಹಿಡಿ ಕೂರಿಸುತ್ತಿದ್ದೆ. ಒಳಗೆ ಮೂಲೆಯಲ್ಲಿ ಮಗಳು ಲಾಳಿಕೆ ಹಿಡಿದು ಕುಕ್ಕರಗಾಲಿನಲ್ಲಿ ಕುಳಿತಿದ್ದಳು, ಅವಳ ತಾಯಿ ಕ್ಯಾನಿನಿಂದ ಸಣ್ಣಗೆ ನೀರು ಬಿಡುತ್ತಿದ್ದಳು. ಆಗಾಗ ನಡೆಯುವ ಕೆಲಸ. ಅದರಲ್ಲಿ ನೋಡುವಂಥದ್ದು ಏನೂ ಇರಲಿಲ್ಲ, ನಾನು ನೋಡಲೂ ಇಲ್ಲ.

ನಮ್ಮ ಮನೆ ಜೋಯಿಡಾ ದಾಟಿ ಉಳವಿಯ ಕಡೆ ಹೋಗುವ ರಸ್ತೆಯಿಂದ ಒಳಗೆ, ಕಾಡಿನಲ್ಲಿದೆ. ಕರೆಂಟಿನ ಕಂಬಗಳು ರಸ್ತೆಯ ತನಕ ಬಂದು ನಿಂತಿವೆ, ಒಳಗೆ ಬಂದಿಲ್ಲ. ಹೀಗಾಗಿ ಇಲ್ಲಿಯ ನಾಲ್ಕಾರು ಮನೆಗಳಿಗೂ ಸೋಲಾರ್. ಹಂಚಿನ ಮೇಲೊಂದು ಪ್ಯಾನಲ್, ಗೋಡೆಯ ಮೇಲೆ ಸಣ್ಣ ದೀಪಗಳಿರುವ ಒಂದು ಡಬ್ಬಿ, ಮೂಲೆಯಲ್ಲಿ ಬ್ಯಾಟರಿ. ಹಗಲು ಬಿದ್ದ ಬಿಸಿಲು ಡಬ್ಬಿಯ ಮೂಲಕ ಬ್ಯಾಟರಿಗೆ ಇಳಿಯುತ್ತದೆ, ಸಂಜೆ ಬಲ್ಬು ಉರಿಯುತ್ತದೆ. ಇದನ್ನು ನೋಡಿಕೊಳ್ಳುವುದನ್ನು ಸಂಘದ ಹೆಂಗಸರಿಗೆ ಹಳಿಯಾಳದಲ್ಲಿ ಕೂರಿಸಿಕೊಂಡು ಕಲಿಸಿದ್ದರು. ನನ್ನ ಹೆಂಡತಿ ಕಲಿತು ಬಂದ ಮೇಲೆ ಬ್ಯಾಟರಿ ಅವಳದಾಯಿತು. ನಾನು ದಾಂಡೇಲಿಯ ಕಾಗದದ ಮಿಲ್ಲಿನಲ್ಲಿ ಗುತ್ತಿಗೆ ಕೆಲಸ ಮುಗಿಸಿ, ಅವಳ ತಂದೆ ಮಾಡಿದ್ದ ಈ ತುಂಡು ಹೊಲಕ್ಕೆ ಬಂದು ಸೇರಿದವನು. ಅಷ್ಟರಲ್ಲಿ ಮನೆಯ ಎಲ್ಲ ಕೆಲಸಗಳಿಗೂ ಒಡೆಯರಿದ್ದರು.

"ತೀರಿತ್ರೀ," ಎಂದು ಒಳಗಿನಿಂದ ಕೂಗಿದಳು. "ಐದು ಖಾನೆ ಕುಡದ್ವು, ಒಂದು ಉಪವಾಸ ಉಳೀತು."

"ಬಾವಿ ನೀರು ಹಾಕು. ಯಾರ ಕೇಳ್ತಾರ?"

"ಮಿಲ್ಲಿನ್ಯಾಗ ಇಷ್ಟ ವರ್ಷ ದುಡದು ಇದನ್ನ ಏನ ಕಲ್ತದ್ದು? ಬಾವಿ ನೀರು ಕುಡಿಸಿದ್ರ ಅದರ ಹೊಟ್ಟಿ ಕೆಡತೈತಿ. ಅಂಗಡಿ ನೀರ ಆಗಬೇಕು."

"ನಮಗ ಬಾವಿ ನೀರು, ಅದಕ್ಕ ಅಂಗಡಿ ನೀರು. ಅಳಿಯ ಬಂದಂಗಾತು."

"ಅಳಿಯ ಅಂತನ ತಿಳೀರಿ. ಅವ ಮುನಿಸಿಕೊಂಡ್ರ ಸಂಜಿಗೆ ಕತ್ತಲದಾಗ ಕುಂದ್ರತೀರಿ."

ಅಷ್ಟರಲ್ಲಿ ರಸ್ತೆಯ ಕಡೆಯಿಂದ ಟೆಂಪೊದ ಹಾರನ್ನು ಕೇಳಿತು. ಸಂತೆಯ ದಿನ ಅದು ದಾಂಡೇಲಿಗೆ ಹೋಗುತ್ತದೆ. ಅವಳು ಧಡಕ್ಕನೆ ಎದ್ದಳು. ಒಂದು ಬಟ್ಟೆಯ ತುಂಡನ್ನು ಬ್ಯಾಟರಿಯ ಮೇಲೆ ಹಾಕಿದಳು. ಎರಡೂ ಕೈ ಸೆರಗಿನ ತುದಿಯಲ್ಲಿ ಏನೋ ಮಾಡುತ್ತಿದ್ದವು. ಚೀಲ ತೆಗೆದುಕೊಂಡು, "ನಿಂದ್ರಪಾ ತಮ್ಮಾ, ಬಂದ್ನಿ!" ಎಂದು ಡ್ರೈವರನಿಗೆ ಕೂಗುತ್ತಾ ಅಂಗಳಕ್ಕೆ ಇಳಿದಳು. ಅಲ್ಲಿಂದ ತಿರುಗಿ ಮಗಳಿಗೆ ಕೈಸನ್ನೆಯಲ್ಲಿ ಏನೋ ಹೇಳಿದಳು. ನನಗೆ ಬಾಯಲ್ಲಿ ಹೇಳಿದಳು:

"ಸಂಜಿಗೆ ಬರ್ತೇನಿ. ಅನ್ನ ಐತಿ, ಸಾರು ಬಿಸಿ ಮಾಡ್ಕೋರಿ. ಅಕಿ ಜೋಡಿ ಮಾತಾಡ್ರಿ, ಸುಮ್ಮ ಕುಂದ್ರಬ್ಯಾಡ್ರಿ."

ಸಂಜೆ ಬರಲಿಲ್ಲ. ಸಂತೆಯಲ್ಲಿ ಮೆಣಸಿನಕಾಯಿ ಆರಿಸುತ್ತಾ ಕುಳಿತವಳು ಹಾಗೆಯೇ ಪಕ್ಕಕ್ಕೆ ಒರಗಿದಳಂತೆ. ಟೆಂಪೊದವನೇ ಎತ್ತಿಕೊಂಡು ಆಸ್ಪತ್ರೆಗೆ ಒಯ್ದಿದ್ದ. ಅವನು ಹೇಳಿ ಕಳಿಸಿ, ನಾನು ಮಗಳನ್ನು ಕರೆದುಕೊಂಡು ದಾಂಡೇಲಿ ಮುಟ್ಟುವ ಹೊತ್ತಿಗೆ ಮುಖದ ಮೇಲೆ ಬಟ್ಟೆ ಎಳೆದಿದ್ದರು. ಹೃದಯ ನಿಂತಿದೆ ಎಂದು ಹೇಳಿದರು. ಅದಕ್ಕಿಂತ ಹೆಚ್ಚು ನಾನು ಕೇಳಲಿಲ್ಲ.

*

ಮಗಳಿಗೆ ಹುಟ್ಟಿದಾಗಿನಿಂದ ಕಿವಿ ಕೇಳುವುದಿಲ್ಲ, ಮಾತೂ ಬರಲಿಲ್ಲ. ಈಗ ಇಪ್ಪತ್ತು ದಾಟಿದ್ದಾಳೆ. ಧಾರವಾಡದ ಒಂದು ಶಾಲೆಯಲ್ಲಿ ಕೆಲವು ವರ್ಷ ಇದ್ದು ಕೈಮಾತು ಕಲಿತು ಬಂದಳು. ಅದರ ಮೇಲೆ ತಾಯಿ ಮಗಳು ಇಬ್ಬರೂ ಸೇರಿ ಮನೆಯಲ್ಲಿ ತಮ್ಮದೇ ಇನ್ನಷ್ಟು ಸನ್ನೆಗಳನ್ನು ಮಾಡಿಕೊಂಡಿದ್ದರು. ಮೂಗುಬೊಟ್ಟು ಮುಟ್ಟಿದರೆ ಅವ್ವ. ಹುಬ್ಬು ತೀಡಿದರೆ ಅಪ್ಪ, ನನ್ನ ಹುಬ್ಬು ದಪ್ಪ ಎಂದು. ಎಷ್ಟು ಬೇಗ ಮಾತಾಡುತ್ತಿದ್ದರೆಂದರೆ ನನಗೆ ನಾಲ್ಕರಲ್ಲಿ ಒಂದು ತಿಳಿಯುತ್ತಿತ್ತು. ಮಿಲ್ಲಿನ ದಿನಗಳಲ್ಲಿ ನಾನು ಮನೆಗೆ ಬರುತ್ತಿದ್ದುದು ರಜೆಗೊಮ್ಮೆ. ತಿಳಿಯದಿದ್ದಾಗ ಹೆಂಡತಿ ನಡುವೆ ನಿಂತು ಎರಡೂ ಕಡೆಗೆ ಹೇಳುತ್ತಿದ್ದಳು, ಈ ಕಡೆ ಬಾಯಿಯಿಂದ, ಆ ಕಡೆ ಕೈಯಿಂದ, ಒಮ್ಮೊಮ್ಮೆ ರೊಟ್ಟಿ ತಟ್ಟುವ ಹಿಟ್ಟಿನ ಕೈಯಿಂದಲೇ.

ನಮ್ಮ ಹಗಲು ಕೆಲಸದಲ್ಲಿ ಹೋಗುತ್ತಿತ್ತು. ಮಗಳು ಹೊಲದಲ್ಲಿ ಒಂದು ಕಡೆ, ನಾನೊಂದು ಕಡೆ. ಮನೆಯಲ್ಲಿ ಮಾತು ಎಂದರೆ ದೀಪ ಹಚ್ಚಿದ ಮೇಲೆ. ಬಲ್ಬಿನ ಕೆಳಗೆ ಮೂವರೂ ಕುಳಿತು ಉಣ್ಣುತ್ತಿದ್ದೆವು, ಅವರಿಬ್ಬರ ಕೈಗಳು ತಟ್ಟೆಯಿಂದ ಎದ್ದು ಮಾತಾಡಿ ಮತ್ತೆ ತಟ್ಟೆಗೆ ಬರುತ್ತಿದ್ದವು.

*

ಹೆಂಡತಿಯ ಚಿಗವ್ವ ಮುಂಡಗೋಡದ ಚಿಗಳ್ಳಿಯಿಂದ ನೇರವಾಗಿ ದಾಂಡೇಲಿಗೇ ಬಂದಳು. ಮುಂದಿನದನ್ನೆಲ್ಲ ಅವಳೇ ನಡೆಸಿದಳು, ನನಗೆ ಏನೂ ತೋಚುತ್ತಿರಲಿಲ್ಲ. ಆಸ್ಪತ್ರೆಯವರು ಉಟ್ಟ ಬಟ್ಟೆಯನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊಟ್ಟಿದ್ದರು. ಜೀವ ಹೋದಾಗ ಮೈಮೇಲಿದ್ದ ಬಟ್ಟೆಯನ್ನು ಹೊಳೆಗೆ ಬಿಡುವುದು ನಮ್ಮ ಮನೆಯ ಪದ್ಧತಿ. ಟೆಂಪೊದಲ್ಲಿ ಅವಳನ್ನು ಊರಿಗೆ ತರುವಾಗ ಕಾಳಿ ಹೊಳೆಯ ದಂಡೆಯಲ್ಲಿ ನಿಲ್ಲಿಸಿದೆವು. ನಾನು ಚೀಲದಿಂದ ಸೀರೆ ತೆಗೆದೆ. ಸೆರಗಿನ ತುದಿಯ ಗಂಟು ಕೈಗೆ ಸಿಕ್ಕಿತು, ಒಳಗೆ ಏನೋ ಗಟ್ಟಿಯಾಗಿತ್ತು. ಚಿಲ್ಲರೆ ಇರಬಹುದು ಎಂದುಕೊಂಡೆ.

"ಗಂಟ ಬಿಚ್ಚಬ್ಯಾಡಪಾ," ಎಂದಳು ಚಿಗವ್ವ. "ಅಕಿ ಕಟ್ಟಿದ್ದು ಅಕಿ ಸಂಗಾಟ ಹೋಗಲಿ. ನಾಕಾಣೆ ಆಸೆಗೆ ಸತ್ತವರ ಗಂಟ ಬಿಚ್ಚತಾರೇನ?"

ಬಿಚ್ಚಲಿಲ್ಲ. ಮಳೆಗಾಲದ ನೀರು ಕೆಂಪಾಗಿ, ಜೋರಾಗಿತ್ತು. ಸೀರೆ ಒಂದು ಸಲ ಹರಡಿಕೊಂಡು ಆಮೇಲೆ ಕೆಳಗೆ ಹೋಯಿತು.

ಮನೆಯಲ್ಲಿ ಹಸಿರು ಸೀರೆ ಉಡಿಸಿ, ಹೊಲದ ಅಂಚಿನಲ್ಲಿ ಮಣ್ಣು ಮಾಡಿದೆವು. ಅವಳನ್ನು ಮಲಗಿಸಿದ್ದ ಜಾಗದಲ್ಲಿ ದೀಪ ಇಡಬೇಕು, ದಿನಗಳ ಕಾರ್ಯ ಮುಗಿಯುವ ತನಕ ಅದು ಆರಬಾರದು. ಎಣ್ಣೆಯ ದೀಪ ಇಟ್ಟರು. ಆದರೆ ಆ ವಾರ ಗಾಳಿ ಮಳೆ ಎರಡೂ ಬಿಡಲಿಲ್ಲ. ಹಂಚಿನ ಸಂದಿಯಿಂದ ಬಂದ ಗಾಳಿಗೆ ದೀಪ ಮೇಲಿಂದ ಮೇಲೆ ಆರುತ್ತಿತ್ತು, ಪ್ರತಿ ಸಲವೂ ಹೆಂಗಸರು ಅಯ್ಯೋ ಎನ್ನುತ್ತಿದ್ದರು. ಕೊನೆಗೆ ಚಿಗವ್ವ ತಲೆಯ ಮೇಲಿನ ಬಲ್ಬು ತೋರಿಸಿದಳು.

"ಇದಾದ್ರೂ ಇರಲಿ ಬಿಡ್ರಿ. ಇದೂ ಅಕಿ ಹಚ್ಚಿದ್ದ ದೀಪನ ಅಲ್ಲೇನ? ಹಗಲೂ ರಾತ್ರಿ ಉರೀಲಿ, ಯಾರೂ ಬಟನ್ ಮುಟ್ಟಬ್ಯಾಡ್ರಿ."

ಎಲ್ಲರಿಗೂ ಅದು ಸರಿ ಎನಿಸಿತು. ನನಗೂ ಸರಿ ಎನಿಸಿತು. ಬ್ಯಾಟರಿಯ ಮೇಲೆ ಯಾರೋ ಒಂದು ಹಲಗೆ ಇಟ್ಟು, ಬಂದ ಮಂದಿಗೆ ಬೇಕಾದ ಪಾತ್ರೆಗಳನ್ನು ಅದರ ಮೇಲೆ ಪೇರಿಸಿದರು. ಎಲ್ಲರ ಮೊಬೈಲುಗಳೂ ಅಲ್ಲಿಯೇ ಸಾಲಾಗಿ ಚಾರ್ಜಿಗೆ ಕುಳಿತವು. ಸೂತಕದಲ್ಲಿ ಮನೆಯ ಮಾಡು ಏರಬಾರದು ಎಂದು ಪ್ಯಾನಲ್ಲಿನ ಕಡೆ ಯಾರೂ ಹೋಗಲಿಲ್ಲ.

ಮಗಳೊಬ್ಬಳೇ ಸುಮ್ಮನಿರಲಿಲ್ಲ. ಹಗಲು ಹೊತ್ತು ಬಲ್ಬಿನ ಕಡೆ ಬೊಟ್ಟು ಮಾಡುವಳು, ಬಟನ್ನಿನ ಕಡೆ ಕೈ ಚಾಚುವಳು, ಗೋಡೆಯ ಡಬ್ಬಿಯ ಕೆಂಪು ದೀಪ ತೋರಿಸಿ ಎದೆ ಬಡಿದುಕೊಳ್ಳುವಳು. ಬಂದವರು ಅದನ್ನು ಬೇರೆಯಾಗಿ ತಿಳಿದರು. "ತಾಯಿನ್ನ ಹುಡಕಾಕತ್ತೈತಿ ಪಾಪ, ಮಾತ ಬರೂದಿಲ್ಲ ನೋಡ್ರಿ," ಎಂದು ಅವಳನ್ನು ತಬ್ಬಿಕೊಂಡು ಅತ್ತರು. ಅವಳು ಕೊಸರಿಕೊಂಡು ಹೋಗಿ ಮೂಲೆಯಲ್ಲಿ ಕುಳಿತು ಬಲ್ಬನ್ನೇ ನೋಡುತ್ತಿದ್ದಳು.

ಕಾರ್ಯದ ಹಿಂದಿನ ಸಂಜೆ ಬಲ್ಬು ಕೆಂಪಗಾಗುತ್ತಾ ಹೋಗಿ ಆರಿತು. ಚಿಗವ್ವ ನೆಲಕ್ಕೆ ಕೈ ಬಡಿದು ಅತ್ತಳು. "ಹೋದಳಪಾ, ಈಗ ಹೋದಳು ಅಕಿ," ಎಂದಳು.

*

ಮಂದಿಯೆಲ್ಲ ಹೋದ ಮೇಲೆ ಮನೆಯಲ್ಲಿ ನಾವಿಬ್ಬರು ಉಳಿದೆವು. ಮರಗಳ ನಡುವೆ ಮಳೆಗಾಲದ ಸಂಜೆ ಬೇಗ ಕಪ್ಪಾಗುತ್ತದೆ. ಎಣ್ಣೆಯ ದೀಪ ಹಚ್ಚಿದೆ. ಅದರ ಬೆಳಕಿನಲ್ಲಿ ಮಗಳ ಮುಖ ಅರ್ಧ ಕಾಣುತ್ತಿತ್ತು, ಕೈಗಳ ನೆರಳು ಗೋಡೆಯ ಮೇಲೆ ದೊಡ್ಡದಾಗಿ ಓಡಾಡುತ್ತಿತ್ತು. ಕೈ ಯಾವುದು ನೆರಳು ಯಾವುದು ಎಂದು ಹೇಳಲು ಬರುತ್ತಿರಲಿಲ್ಲ. ಅವಳು ಏನೋ ಕೇಳಿದಳು. ತಿಳಿಯಲಿಲ್ಲ ಎಂದು ತಲೆಯಾಡಿಸಿದೆ. ಮತ್ತೆ ಕೇಳಿದಳು. ಟಾರ್ಚ್ ತಂದೆ. ಅವಳ ಕೈಗೆ ಬೆಳಕು ಬಿಟ್ಟರೆ ನನ್ನದು ಅವಳಿಗೆ ಕಾಣುವುದಿಲ್ಲ. ಅವಳೇ ಹಿಡಿದುಕೊಂಡರೆ ಒಂದು ಕೈ ಮಾತ್ರ ಉಳಿಯುತ್ತದೆ, ಒಂದು ಕೈಯಲ್ಲಿ ಅರ್ಧ ಮಾತು. ಅವಳು ಟಾರ್ಚನ್ನು ನೆಲದ ಮೇಲೆ ಇಟ್ಟು ಆರಿಸಿದಳು. ಹೋಗಿ ಮಲಗಿದಳು.

ಮರುದಿನವೂ ಹಾಗೆಯೇ. ಅದರ ಮರುದಿನ ಅವಳು ಕೇಳಲೇ ಇಲ್ಲ. ಕತ್ತಲಾಗುವ ಮೊದಲೇ ಉಂಡು ಗೋಡೆಯ ಕಡೆ ಮುಖ ಮಾಡಿ ಮಲಗತೊಡಗಿದಳು. ತಾಯಿ ಸತ್ತ ಬಗ್ಗೆ ಅವಳಿಗೆ ನಾನು ಇನ್ನೂ ಏನೂ ಹೇಳಿರಲಿಲ್ಲ; ಹೇಗಾಯಿತು, ಎಲ್ಲಿ, ನೋವಾಯಿತೇ. ಅವಳು ಕೇಳುತ್ತಿದ್ದುದು ಅದನ್ನೇ ಇರಬೇಕು. ಅದನ್ನು ಹೊಲದ ಕೆಸರಿನಲ್ಲಿ ನಿಂತು ಹೇಳಲಾಗುವುದಿಲ್ಲ. ಬಲ್ಬು ಉರಿಯದಿದ್ದರೆ ಈ ಮನೆಯಲ್ಲಿ ನಾವಿಬ್ಬರೂ ಹೀಗೆಯೇ ಮಾತು ಬಿಟ್ಟು ಉಳಿಯುತ್ತೇವೆ ಎನ್ನುವುದು ನನಗೆ ಆಗ ಸ್ಪಷ್ಟವಾಯಿತು.

ಹಾಗಾಗಿ ಬ್ಯಾಟರಿಯ ಕೆಲಸಕ್ಕೆ ಕೈ ಹಾಕಿದೆ.

ಮೊದಲು ಮಾಡಿನ ಮೇಲೆ ಹತ್ತಿದೆ. ಪ್ಯಾನಲ್ಲಿನ ಮೇಲೆ ಸಾಗುವಾನಿಯ ಅಗಲ ಎಲೆಗಳು ಅಂಟಿ ಕೊಳೆತಿದ್ದವು, ಅಂಚಿನಲ್ಲಿ ಪಾಚಿ ಕಟ್ಟಿತ್ತು. ಹೆಂಡತಿಯ ಹಳೆಯ ಸೀರೆಯ ತುಂಡಿನಿಂದ ಒರೆಸಿ ನೀರು ಹಾಕಿ ತೊಳೆದೆ. ಇಳಿದು ಬಂದಾಗ ಡಬ್ಬಿಯ ಮೇಲೆ ಹಸಿರು ದೀಪ ಬಂದಿತ್ತು. ಬಿಸಿಲು ಇಳಿಯುತ್ತಿದೆ ಎಂದು ಅದರ ಅರ್ಥ. ಆ ದಿನ ಅದೃಷ್ಟಕ್ಕೆ ಮಧ್ಯಾಹ್ನದವರೆಗೂ ಹೊಳವಿತ್ತು. ಸಂಜೆ ಬಟನ್ ಒತ್ತಿದೆ. ಬಲ್ಬು ಹತ್ತಿತು. ಮಗಳು ಎದ್ದು ಕುಳಿತಳು. ನಾನು ಅವಳ ಎದುರಿಗೆ ಕುಳಿತು ಮೂಗಿನ ಮೇಲೆ ಬೆರಳಿಟ್ಟು 'ಅವ್ವ' ಎಂದೆ. ಮುಂದಿನದಕ್ಕೆ ಕೈ ಎತ್ತುವಷ್ಟರಲ್ಲಿ ಡಬ್ಬಿ ಕೀಂ ಎಂದಿತು, ಕೆಂಪು ದೀಪ ಬಂತು, ಬಲ್ಬು ಹೋಯಿತು. ಡಬ್ಬಿಯ ಸದ್ದು ಅವಳಿಗೆ ಕೇಳದು. ಕತ್ತಲು ಮಾತ್ರ ಗೊತ್ತಾಯಿತು.

ಎರಡನೆಯದಾಗಿ ವೈರುಗಳನ್ನು ನೋಡಿದೆ. ಬ್ಯಾಟರಿಯ ಮೂಲೆಗಳಲ್ಲಿ ವೈರು ಕಚ್ಚಿಸಿದ ಎರಡು ತಲೆಗಳಿರುತ್ತವೆ, ಅವು ಹಲಗೆಯ ಹೊರಗೆ ಚಾಚಿಕೊಂಡಿದ್ದವು. ಅವುಗಳ ಮೇಲೆ ಬಿಳಿ ಹಸಿರು ಪುಡಿ, ಬೂಷ್ಟು ಬಂದ ರೊಟ್ಟಿಯ ಹಾಗೆ. ಹೆಂಡತಿ ಅದನ್ನು ಬಿಸಿನೀರು ಹಾಕಿ ಕಳೆಯುತ್ತಿದ್ದುದು ನೆನಪಿತ್ತು. ಯಾವ ವೈರು ಯಾವ ಕಡೆಗೆ ಎಂದು ಮರೆಯಬಾರದೆಂದು ಕೆಂಪು ವೈರಿಗೆ ದಾರ ಕಟ್ಟಿ ಬಿಚ್ಚಿದೆ. ತೊಳೆದು, ಕೆರೆದು, ವ್ಯಾಸಲೀನ್ ಹಚ್ಚಿ, ಬಿಗಿ ಮಾಡಿದೆ. ಅಷ್ಟಾದರೂ ಅದೇ ಕಥೆ. ಹಗಲೆಲ್ಲ ಹಸಿರು ದೀಪ, ಸಂಜೆ ಅನ್ನ ಬಡಿಸುವಷ್ಟರಲ್ಲಿ ಕೆಂಪು. ಬಿಸಿಲು ಒಳಗೆ ಹೋಗುತ್ತಿತ್ತು, ಎಲ್ಲಿಯೂ ನಿಲ್ಲುತ್ತಿರಲಿಲ್ಲ. ಒಂದು ದಿನ ಮಧ್ಯಾಹ್ನ ಬ್ಯಾಟರಿಯ ಪಕ್ಕ ಮುಟ್ಟಿ ನೋಡಿದೆ. ಒಂದು ತುದಿ ಮಾತ್ರ ಬಿಸಿಯಾಗಿತ್ತು.

*

ಸಂತೆಯ ದಿನ ಅದೇ ಟೆಂಪೊದಲ್ಲಿ ದಾಂಡೇಲಿಗೆ ಹೋದೆ. ಹೆಂಡತಿ ನೀರು ತರುತ್ತಿದ್ದ ಬ್ಯಾಟರಿ ಅಂಗಡಿಯನ್ನು ಡ್ರೈವರನೇ ತೋರಿಸಿದ. ಅಂಗಡಿಯವನು ನನಗಿಂತ ಸಣ್ಣವನು, ಕುತ್ತಿಗೆಯಲ್ಲಿ ಟವೆಲ್ಲು, ಮುಂದೆ ಬಿಚ್ಚಿಹಾಕಿದ ಹಳೆಯ ಬ್ಯಾಟರಿಗಳ ರಾಶಿ. ನಾನು ಹೇಳುವುದನ್ನೆಲ್ಲ ಚಹಾ ಕುಡಿಯುತ್ತಾ ಕೇಳಿದ.

"ಅರೇ ಕಾಕಾ, ಒಂದ ಕಡೆ ಬಿಸಿ ಆಗ್ತೈತಿ ಅಂದ್ರ ಆ ಕಡೆ ಖಾನೆ ಒಣಗೈತಿ. ಪಾನಿ ನೋಡೀರೇನ?"

"ನಮ್ಮ ಮನಿಯಾಕಿ ಹಾಕಿದ್ಲು."

"ಎಲ್ಲಾ ಖಾನೆಗೂ?"

ಐದು ಕುಡಿದವು, ಒಂದು ಉಪವಾಸ ಎಂದು ಅವಳು ಕೂಗಿದ್ದು ಕಿವಿಯಲ್ಲಿ ಇತ್ತು. ಅದು ಇಷ್ಟು ದಿನ ಅವಳ ಧ್ವನಿಯಾಗಿ ನೆನಪಿತ್ತೇ ಹೊರತು ಅದರ ಅರ್ಥ ನೆನಪಿರಲಿಲ್ಲ.

"ಯಾವ ಊರಂದ್ರಿ?" ಎಂದು ಅವನೇ ಮತ್ತೆ ಕೇಳಿದ. ಹೇಳಿದೆ. ಅವನು ಲೋಟ ಕೆಳಗಿಟ್ಟ. "ಉಳವಿ ರಸ್ತೇದಾಗ? ಮೂಗಿನ್ಯಾಗ ದೊಡ್ಡ ಬೊಟ್ಟು, ಭಾಳ ಜೋರ ಮಾತಾಡೋ ಅಕ್ಕಾ? ಅವರ ಮನಿಯವ್ರೇನ ನೀವು? ಹೇಳ್ರಿ ಅವರಿಗೆ. ರೊಕ್ಕ ಕೊಟ್ಟಾರ, ಪಾನಿ ಒಯ್ದಿಲ್ಲ. ಸಂತಿ ಮುಗಸ್ಕೊಂಡ ಬರ್ತೇನಿ, ಇಟ್ಟಿರಪಾ ಅಂದ್ರು. ದಿನಾ ಕಾಲಿಗೆ ಎಡವತೈತಿ ನನಗ ಆ ಕ್ಯಾನು."

ಬೆಂಚಿನ ಕೆಳಗಿನಿಂದ ಕ್ಯಾನನ್ನು ಎಳೆದು ನನ್ನ ಮುಂದೆ ಇಟ್ಟ. ಮೇಲೆ ಧೂಳು ಕುಳಿತಿತ್ತು.

"ಅಕಿ ಇಲ್ಲಪಾ," ಎಂದೆ. "ಅವತ್ತ ಸಂತಿಯಾಗ ಹೋದ್ಲು."

ಅವನಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಟವೆಲ್ಲಿನಿಂದ ಕ್ಯಾನಿನ ಧೂಳು ಒರೆಸತೊಡಗಿದ. ಸುಮಾರು ಹೊತ್ತು ಒರೆಸಿದ. "ನಾನ ಅಂದ್ನಿ ಅಕ್ಕಾ ಈಗ ಒಯ್ರಿ ಅಂತ," ಎಂದ. "ಹೊರಾಕ ವಜ್ಜಾ ಆಗ್ತೈತಿ, ತಿರುಗಿ ಬರೂಮುಂದ ಒಯ್ತೇನಿ ಅಂದ್ರು." ಆಮೇಲೆ ಹೇಗೆ ಮಾಡಬೇಕೆಂದು ಹೇಳಿಕೊಟ್ಟ. ನೀರು ಖಾನೆಯೊಳಗಿನ ಪಟ್ಟಿಗಳ ಮೇಲೆ ಬೆರಳು ಮುಳುಗುವಷ್ಟು ಇರಬೇಕು. ಬೆಂಕಿ, ಬೀಡಿ ಹತ್ತಿರ ತರಬಾರದು. ಒಣಗಿ ಭಾಳ ದಿನ ಆಗಿದ್ದರೆ ಪೂರ್ತಿ ಬದುಕುವುದಿಲ್ಲ. "ಬದುಕಿದ್ರೂ ಮೊದಲಿನಂಗ ಆಗಂಗಿಲ್ಲ ಕಾಕಾ. ಖರೇ ಹೇಳ್ತೇನಿ."

*

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಮಗಳು ನನ್ನ ಕೈಯಲ್ಲಿದ್ದ ಕ್ಯಾನು ನೋಡಿ ತಟ್ಟನೆ ಎದ್ದಳು. ಇಬ್ಬರೂ ಸೇರಿ ಪಾತ್ರೆಗಳನ್ನು ಇಳಿಸಿ ಹಲಗೆ ಎತ್ತಿದೆವು. ಅವಳ ತಾಯಿ ಹಾಕಿ ಹೋದ ಬಟ್ಟೆಯ ತುಂಡು ಹಾಗೆಯೇ ಇತ್ತು, ಒಂದು ಕಡೆ ಸುಟ್ಟ ಹಾಗೆ ತೂತು ತೂತಾಗಿತ್ತು. ಅದನ್ನು ತೆಗೆದೆ. ಬ್ಯಾಟರಿಯ ಬೆನ್ನಿನ ಮೇಲೆ ಸಾಲಾಗಿ ಆರು ಬಾಯಿಗಳು. ಐದಕ್ಕೆ ಮುಚ್ಚಳವಿತ್ತು. ತುದಿಯದು ತೆರೆದಿತ್ತು. ಬಗ್ಗಿ ನೋಡಿದರೆ ಒಳಗೆ ನೀರಿಲ್ಲ, ಪಟ್ಟಿಗಳ ತಲೆ ಬೆಳ್ಳಗೆ ಒಣಗಿತ್ತು. ಒಂದು ಜಿರಲೆ ಸತ್ತು ಬಿದ್ದಿತ್ತು.

ನಾನು ಮುಚ್ಚಳ ಹುಡುಕತೊಡಗಿದೆ. ಬ್ಯಾಟರಿಯ ಹಿಂದೆ, ಪಾತ್ರೆಗಳ ನಡುವೆ, ಗೂಡಿನಲ್ಲಿ, ಅಕ್ಕಿಯ ಡಬ್ಬಿಯ ಹಿಂದೆ. ಮಂದಿ ಅಷ್ಟು ಓಡಾಡಿದ್ದರು, ಎಲ್ಲಿಯಾದರೂ ಉರುಳಿರಬೇಕು. ಮಗಳು ನಿಂತು ನೋಡುತ್ತಿದ್ದಳು. ನಾನು ಮಂಚದ ಕೆಳಗೆ ಬಗ್ಗಿದಾಗ ಬಂದು ಭುಜ ಹಿಡಿದು ಎಬ್ಬಿಸಿದಳು.

ಮೂಗು ಮುಟ್ಟಿದಳು. ಅವ್ವ. ಬ್ಯಾಟರಿಯ ಪಕ್ಕ ಕುಳಿತು ನೀರು ಹಾಕುವಂತೆ ಮಾಡಿದಳು. ಒಂದು ಮುಚ್ಚಳವನ್ನು ತಿರುಗಿಸಿ ತೆಗೆದು ಅಂಗೈಯಲ್ಲಿ ಇಟ್ಟುಕೊಂಡಳು. ಆಮೇಲೆ ತನ್ನ ಓಢಣಿಯ ತುದಿಯನ್ನು ಎಳೆದುಕೊಂಡು, ಆ ಮುಚ್ಚಳವನ್ನು ಅದರಲ್ಲಿ ಇಟ್ಟು, ಸುತ್ತಿ, ಗಂಟು ಹಾಕಿ, ಬಿಗಿದಳು. ಗಂಟನ್ನು ನನಗೆ ತೋರಿಸಿದಳು. ಕೈಯಿಂದ ದೂರ ರಸ್ತೆಯ ಕಡೆ ತೋರಿಸಿದಳು.

ನನ್ನ ಹೆಂಡತಿ ಮಾಡಬೇಕಾದ ಕೆಲಸ ಏನಾದರೂ ಬಾಕಿ ಇದ್ದರೆ ಸೆರಗಿನ ತುದಿಗೆ ಗಂಟು ಹಾಕುತ್ತಿದ್ದಳು. ಆ ಕೆಲಸ ಮುಗಿದಾಗ ಬಿಚ್ಚುತ್ತಿದ್ದಳು. ನಮ್ಮ ಕಡೆಯ ಹೆಂಗಸರೆಲ್ಲ ಹಾಗೆಯೇ. ಸಾಸಿವೆ ತರಬೇಕು ಎಂದರೆ ಒಂದು ಗಂಟು, ಯಾರಿಗೋ ಏನೋ ಹೇಳಬೇಕು ಎಂದರೆ ಒಂದು ಗಂಟು. ಬ್ಯಾಟರಿಗೆ ನೀರು ತರಬೇಕಾಗಿತ್ತು. ಅದಕ್ಕೆ ಯಾವ ಖಾನೆ ಉಪವಾಸ ಉಳಿದಿತ್ತೋ ಅದರ ಮುಚ್ಚಳವನ್ನೇ ಕಟ್ಟಿಕೊಂಡು ಹೋಗಿದ್ದಳು.

ಹೊಳೆಯ ದಂಡೆಯಲ್ಲಿ ಕೈಗೆ ಸಿಕ್ಕಿದ್ದು ಅದು.

ಮಗಳು ನನ್ನ ಮುಖ ನೋಡುತ್ತಿದ್ದಳು. ಸೀರೆ ಎಲ್ಲಿ ಎಂದು ಕೇಳಿದಳು. ಇದು ನನಗೆ ತಿಳಿಯಿತು. ಅವಳೂ ಅಂದು ಟೆಂಪೊದಲ್ಲಿ ಇದ್ದಳು, ಆದರೆ ತಾಯಿಯ ತಲೆಯ ಹತ್ತಿರ ಕುಳಿತಿದ್ದಳು, ಇಳಿದಿರಲಿಲ್ಲ. ನಾನು ಕೈ ಮುಂದೆ ಚಾಚಿ ನೀರು ಹರಿಯುವುದನ್ನು ತೋರಿಸಿದೆ. ಬಟ್ಟೆ ಬಿಡುವುದನ್ನು ತೋರಿಸಿದೆ. ಅವಳು ತನ್ನ ಓಢಣಿಯ ಗಂಟನ್ನು ಬಿಚ್ಚಿ, ಮುಚ್ಚಳವನ್ನು ತೆಗೆದು ಅದರ ಖಾನೆಗೆ ಹಾಕಿ ತಿರುಗಿಸಿದಳು. ಬಹಳ ಮೆಲ್ಲಗೆ ತಿರುಗಿಸಿದಳು. ಆಮೇಲೆ ಲಾಳಿಕೆ ತಂದಳು.

ಜಿರಲೆಯನ್ನು ಕಡ್ಡಿಯಿಂದ ತೆಗೆದೆವು. ಅವಳು ಲಾಳಿಕೆ ಹಿಡಿದಳು, ನಾನು ಕ್ಯಾನು ಬಗ್ಗಿಸಿದೆ. ಖಾನೆ ಬಹಳ ನೀರು ಕುಡಿಯಿತು.

*

ಬ್ಯಾಟರಿ ತಕ್ಷಣ ಸುಧಾರಿಸಲಿಲ್ಲ. ಬಟನ್ ಮುಟ್ಟದೆ ಕೆಲವು ದಿನ ಬಿಸಿಲು ಕುಡಿಯಲು ಬಿಡಬೇಕು ಎಂದು ಅಂಗಡಿಯವನು ಹೇಳಿದ್ದ. ಬಿಟ್ಟೆವು. ಆ ಸಂಜೆಗಳು ಮೊದಲಿನ ಹಾಗೆಯೇ ಕತ್ತಲಲ್ಲಿ ಹೋದವು, ಆದರೆ ಅವಳು ಗೋಡೆಯ ಕಡೆ ತಿರುಗುತ್ತಿರಲಿಲ್ಲ. ಡಬ್ಬಿಯ ಹಸಿರು ದೀಪ ಆರುವುದನ್ನೇ ನೋಡುತ್ತಿದ್ದಳು. ಆಮೇಲೆ ಒಂದು ಸಂಜೆ ಹಚ್ಚಿದೆವು. ಅನ್ನ ಬಡಿಸಿದ ಮೇಲೂ ಬಲ್ಬು ಇತ್ತು. ಉಂಡ ಮೇಲೂ ಇತ್ತು.

ಆ ಬೆಳಕಿನಲ್ಲಿ ಅವಳಿಗೆ ಹೇಳಿದೆ. ಸಂತೆ. ಮೆಣಸಿನಕಾಯಿ. ಕುಳಿತಿದ್ದಳು, ಒರಗಿದಳು. ನೋವು ಎನ್ನುವುದಕ್ಕೆ ಅವಳ ಸನ್ನೆ ನನಗೆ ಬರುತ್ತಿರಲಿಲ್ಲ. ಎದೆ ಹಿಡಿದುಕೊಂಡು ತೋರಿಸಿದೆ, ಆಮೇಲೆ ಇಲ್ಲ ಎಂದು ಕೈಯಾಡಿಸಿದೆ. ನೋವಾಯಿತೋ ಇಲ್ಲವೋ ನನಗೆ ಗೊತ್ತಿಲ್ಲ. ಆಗಲಿಲ್ಲ ಎಂದು ಡ್ರೈವರ್ ಹೇಳಿದ್ದ. ಅವಳು ನನ್ನ ಕೈಗಳನ್ನು ಬಿಟ್ಟು ಬೇರೆಲ್ಲಿಯೂ ನೋಡಲಿಲ್ಲ. ಕೊನೆಗೆ ಒಂದು ಪ್ರಶ್ನೆ ಕೇಳಿದಳು, ಎರಡು ಮೂರು ಸಲ ಮಾಡಿ ತೋರಿಸಿದಳು. ಅದು ಅವರಿಬ್ಬರೇ ಮಾಡಿಕೊಂಡ ಸನ್ನೆ. ಅರ್ಥ ಹೇಳುವವಳು ಇರಲಿಲ್ಲ. ಬಲ್ಬು ಕೆಂಪಗಾಗುವ ತನಕ ಪ್ರಯತ್ನಿಸಿದೆವು.

ಮುಂದಿನ ಸಂತೆಗೆ ಅವಳನ್ನೂ ಕರೆದುಕೊಂಡು ದಾಂಡೇಲಿಗೆ ಹೋದೆ, ಮುಚ್ಚಳಕ್ಕಾಗಿ. ನಮ್ಮ ಐದರಲ್ಲಿ ಒಂದನ್ನು ಅಳತೆಗೆ ಒಯ್ದಿದ್ದೆವು.

"ಮುಚ್ಚಳ ಒಂದ ಬೇಕಂದ್ರ ಹೆಂಗ ಕಾಕಾ?" ಎಂದು ಅಂಗಡಿಯವನು ನಗಲು ನೋಡಿದ. "ಗುಂಡಿ ಒಂದ ಬೇಕಂತ ಅಂಗಿ ಅಂಗಡಿಗೆ ಹೋಗ್ತೀರೇನ? ಬ್ಯಾಟರಿ ಜೋಡಿನ ಬರ್ತೈತಿ ಅದು." ಆದರೂ ಹಳೆಯ ಮುಚ್ಚಳಗಳಿದ್ದ ಡಬ್ಬವನ್ನು ನೆಲಕ್ಕೆ ಸುರಿದ. ಮಗಳು ಕುಳಿತು ಒಂದೊಂದನ್ನೇ ನಮ್ಮದರ ಪಕ್ಕ ಹಿಡಿದು ನೋಡಿದಳು. ಕೆಲವು ದಪ್ಪ, ಕೆಲವು ಸಣ್ಣ, ಕೆಲವಕ್ಕೆ ಸುತ್ತು ಬೇರೆ. ಅವನೂ ಗಿರಾಕಿಗಳನ್ನು ಬಿಟ್ಟು ಪಕ್ಕದಲ್ಲಿ ಕುಳಿತು ಹುಡುಕಿದ. ಹೊಂದುವಂಥದ್ದು ಸಿಗಲಿಲ್ಲ. "ಕಟಗೀದು ಮಾಡ್ರಿ," ಎಂದ. "ಉಸಿರಾಡಾಕ ನಡಬರಕ ಸಣ್ಣ ತೂತು ಬಿಡ್ರಿ, ಇಲ್ಲಂದ್ರ ಹೊಟ್ಟಿ ಉಬ್ಬಿ ಒಡದೀತು." ಹೊರಡುವಾಗ ಮಗಳ ಕೈಗೆ ಇನ್ನೊಂದು ಕ್ಯಾನು ನೀರು ಕೊಟ್ಟ.

ಸಾಗುವಾನಿಯ ತುಂಡು ಕೆತ್ತಿ ಬಿರಟೆ ಮಾಡಿದೆ, ಕಾಯಿಸಿದ ಮೊಳೆಯಿಂದ ತೂತು ಕೊರೆದೆ. ಆಸಿಡ್ಡಿನ ಹಬೆಗೆ ಅದು ಕಪ್ಪಾಗಿ ಮೆತ್ತಗಾಗುತ್ತದೆ. ಆಗ ಇನ್ನೊಂದು ಕೆತ್ತುತ್ತೇನೆ.

ಈಗ ಬಲ್ಬು ಊಟದ ಮೇಲೆ ಸ್ವಲ್ಪ ಹೊತ್ತು ನಿಲ್ಲುತ್ತದೆ. ಮೊದಲಿನಷ್ಟು ಇಲ್ಲ. ಮಗಳು ಹೊಲದಲ್ಲಿ ಕಂಡಿದ್ದನ್ನು ಹೇಳಲು ಶುರು ಮಾಡುತ್ತಾಳೆ, ನನಗಾಗಿ ನಿಧಾನವಾಗಿ. ಒಮ್ಮೊಮ್ಮೆ ನಡುವೆಯೇ ಬೆಳಕು ಹೋಗುತ್ತದೆ. ಆಗ ಕೈ ಚಾಚಿ ನನ್ನ ಮೊಣಕೈಯನ್ನು ಒಮ್ಮೆ ಒತ್ತುತ್ತಾಳೆ. ಉಳಿದದ್ದು ನಾಳೆ ಎಂದು. ಆ ಪ್ರಶ್ನೆಯನ್ನು ಮತ್ತೆ ಕೇಳಿಲ್ಲ. ಅದು ಏನೆಂದು ನನಗೆ ಇನ್ನೂ ಗೊತ್ತಿಲ್ಲ.

ಐದು ಖಾನೆಗಳಿಗೆ ಅವುಗಳವೇ ಮುಚ್ಚಳಗಳಿವೆ. ಆರನೆಯದಕ್ಕೆ ಇಲ್ಲ.